ಬಸ್ಸಿಗೆ ಹಿಡಿಸುವ ರೆಕ್ಕೆ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಆರಕ್ಕೆ ಶುರುವಾದ ಮಗ್ಗದ ಸದ್ದು ನಿಲ್ಲುವುದು ರಾತ್ರಿ ಎಂಟಕ್ಕೆ. ಆ ಸದ್ದಿನ ನಡುವೆ ಹುಟ್ಟಿ ಬೆಳೆದವರು ಪಕ್ಕದಲ್ಲಿ ಕೂತವರ ಹತ್ತಿರವೂ ಕೂಗಿಯೇ ಮಾತಾಡುತ್ತಾರೆ. ಹೀಗಾಗಿ ನಮ್ಮಲ್ಲಿ ಗುಟ್ಟು ಉಳಿಯುವುದು ಕಷ್ಟ. ಅಂಥ ಬೀದಿಯಲ್ಲಿ ಅರವತ್ತಮೂರು ವರ್ಷದ ನೇಕಾರ, ಹೆಂಡತಿ ಇಲ್ಲದವನು, ಸಂಜೀವಪ್ಪನೆಂಬ ನಾನು ಮೂರು ತಿಂಗಳು ಒಂದು ಗುಟ್ಟನ್ನು ಕಾಪಾಡಿದೆ. ಅದರ ಫಲವಾಗಿ ನನಗೆ ಮದುವೆ ನಿಶ್ಚಯವಾಯಿತು. ಹೆಣ್ಣು ಯಾರೆಂಬುದು ಬೀದಿಗೆಲ್ಲ ತಿಳಿದಿತ್ತು, ನನಗೊಬ್ಬನಿಗೆ ತಿಳಿದಿರಲಿಲ್ಲ.

ಕಾರ್ತಿಕ ಮಾಸದ ಒಂದು ಭಾನುವಾರ ನಮ್ಮ ಬೀದಿಯ ತಿರುವಿನಲ್ಲಿ ಒಂದು ಕಾರು ಸಿಕ್ಕಿಕೊಂಡಿತು. ಮೊಬೈಲು ತೋರಿಸಿದ ದಾರಿಯನ್ನು ನಂಬಿ ಬಂದ ಕಾರು. ಅದರ ನೆತ್ತಿಯ ಮೇಲೆ ಒಂದು ಉದ್ದನೆಯ ಮೂಟೆ ಕಟ್ಟಿತ್ತು. ಮೂಟೆಯ ಮುಂದಿನ ತುದಿ ಬೈರೇಶನ ಟೀ ಅಂಗಡಿಯ ಒಳಗೆ ಹೋಗಿತ್ತು. ಹಿಂದಿನ ತುದಿ ಎದುರು ಮನೆಯ ಕಿಟಕಿಯ ಸರಳಿಗೆ ತಗುಲಿತ್ತು.

"ಗುರು, ಹೆಂಗೂ ಒಳಕ್ ಬಂದ್ಬಿಟ್ಟಿದ್ಯಾ, ಟೀ ಕುಡ್ದೇ ಹೋಗು!" ಎಂದು ಬೈರೇಶ್ ಕೂಗಿದ.

ಕಾರಿನಿಂದ ಇಳಿದವನು ಅನಿಲ್‌ಕುಮಾರ್ ಎಂಬ ಎಂಜಿನಿಯರು. ಮೂವತ್ತು ದಾಟಿದ ಸಾಧು ಪ್ರಾಣಿ. ಆ ಮೂಟೆ ಒಂದು ಗ್ಲೈಡರ್ ಎಂದ. ಕೊಳವೆಗಳ ಚೌಕಟ್ಟಿಗೆ ಬಟ್ಟೆ ಬಿಗಿದ ದೊಡ್ಡ ರೆಕ್ಕೆ. ಎಂಜಿನ್ ಇಲ್ಲ. ಗುಡ್ಡದ ಮೇಲಿಂದ ಓಡಿ ಬಂದು ನೆಗೆದರೆ ಮನುಷ್ಯ ಅದರ ಕೆಳಗೆ ತೂಗುಬಿದ್ದುಕೊಂಡು ಗಾಳಿಯಲ್ಲಿ ತೇಲುತ್ತಾನಂತೆ.

"ಹಾರೋದು ಸುಲಭ ಯಜಮಾನ್ರೆ. ಇದನ್ನ ಗುಡ್ಡದ ತನಕ ಸಾಗಿಸೋದೇ ಕಷ್ಟ. ಮಡಚಿದ್ರೂ ಐದೂವರೆ ಮೀಟ್ರು."

ಐದೂವರೆ ಮೀಟರು! ಒಂದು ಸೀರೆಯ ಉದ್ದ. ನಲವತ್ತೈದು ವರ್ಷದಿಂದ ನಾನು ನೇಯ್ದು ಮಡಚುತ್ತಿರುವ ಉದ್ದ. ಎದುರಿಗೆ ಇಪ್ಪತ್ತು ಜನ ನೆರೆದಿದ್ದರು. ಬಾಯಿ ತಡೆಯಲಿಲ್ಲ.

"ಇಷ್ಟೇನಾ? ಐದೂವರೆ ಮೀಟ್ರನ್ನ ಕಂಕುಳಲ್ಲಿ ಇಟ್ಕೊಂಡು ಹೋಗೋ ಜನ ನಾವು. ನನಗೆ ಕೊಡಪ್ಪ. ಬಸ್ಸಲ್ಲಿ ಹಾಕ್ಕೊಂಡು ಹೋಗೋ ಹಂಗೆ ಮಾಡ್ಕೊಡ್ತೀನಿ."

ಬೀದಿ ನಕ್ಕು, ತಮಾಷೆಯೆಂದುಕೊಂಡು ಅಲ್ಲೇ ಮರೆತುಬಿಟ್ಟಿತು. ಅನಿಲ್‌ಕುಮಾರ್ ನಗಲಿಲ್ಲ. ಕಾರು ಬಿಡಿಸಿಕೊಂಡು ನನ್ನ ಹಿಂದೆಯೇ ಮನೆಗೆ ಬಂದು ಹಜಾರದಲ್ಲಿ ಕೂತು, ಕಾಗದ ಬಿಡಿಸಿ, ರೆಕ್ಕೆಯ ನಕ್ಷೆ ತೋರಿಸಿದ. ನಾನು ಕಾಫಿ ಮಾಡಿದೆ. ನಮ್ಮ ಮನೆಯವಳು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ನಮಗೆ ಮಕ್ಕಳಿಲ್ಲ. ಒಬ್ಬನ ಅಳತೆಗೆ ಕಾಫಿಪುಡಿ ಹಾಕಿ ಹಾಕಿ ಕೈಗೆ ಇಬ್ಬರ ಅಳತೆ ಮರೆತಿತ್ತು. ಕಾಫಿ ನೀರಾಗಿತ್ತು. ಆ ಹುಡುಗ ಚೆನ್ನಾಗಿದೆ ಎಂದು ಸುಳ್ಳು ಹೇಳಿ ಪೂರ್ತಿ ಕುಡಿದ.

ಹೊರಡುವಾಗ ಒಂದು ಮಾತು ತೆಗೆದುಕೊಂಡ. "ಬೇಸಿಗೆಯಲ್ಲಿ ಒಂದು ಸ್ಪರ್ಧೆ ಇದೆ. ಮಡಚೋ ವಿಧಾನ ಹೊರಗಡೆ ಹೋಗ್ಬಾರ್ದು. ಹಾರಿಸೋ ತನಕ ಯಾರಿಗೂ ಹೇಳ್ಬೇಡಿ." ದೇವರ ಮನೆಯಲ್ಲಿ ಬನಶಂಕರಿ ಅಮ್ಮನವರ ಪಟದ ಮುಂದೆ ನಿಂತು, ಅವನು ಕೇಳದಿದ್ದರೂ, ಆಣೆ ಮಾಡಿದೆ. ಹೇಳಲಿಕ್ಕೆ ನನಗೆ ಯಾರಿದ್ದರು ಎಂಬ ಧೈರ್ಯ.

ಮಾರನೆಯ ದಿನ ಟೇಪು ಹಿಡಿದು ಬಸ್ ನಿಲ್ದಾಣಕ್ಕೆ ಹೋದೆ. ನಿಂತಿದ್ದ ಬಸ್ಸಿನ ಹಿಂದಿನ ಡಿಕ್ಕಿಯ ಬಾಗಿಲು ತೆಗೆಸಿ ಉದ್ದ, ಅಗಲ, ಆಳ ಅಳೆದೆ. ಕಂಡಕ್ಟರ್ ಸ್ವಲ್ಪ ಹೊತ್ತು ನೋಡಿದ.

"ಏನ್ ಯಜಮಾನ್ರೆ, ಬಸ್ ತಗೊಳ್ತೀರಾ?"

"ಇಲ್ಲಪ್ಪ, ಸುಮ್ನೆ."

"ಸುಮ್ನೆ ಅಳೆಯೋಕೆ ನಮ್ ಬಸ್ಸೇ ಬೇಕಿತ್ತಾ?"

ಐದಡಿ ಎರಡಂಗುಲ ಬಂತು. ಹದಿನೆಂಟಡಿಯ ರೆಕ್ಕೆ ಐದಡಿಗೆ ಇಳಿಯಬೇಕು. ಕೊಳವೆಗಳನ್ನು ನಾಲ್ಕು ನಾಲ್ಕು ತುಂಡು ಮಾಡಿದೆ. ಕೂಡುವ ಕಡೆ ಒಂದರೊಳಗೆ ಒಂದು ಕೂರುವಂತೆ ತೆಳ್ಳನೆಯ ಒಳಕೊಳವೆ ಸೇರಿಸಿ, ಅಡ್ಡಲಾಗಿ ಪಿನ್ನು ತೂರಿಸಿದೆ. ಕೂಡಿಸಿದರೆ ಅಲುಗಬಾರದು, ಬಿಚ್ಚಿದರೆ ಕೈಗೆ ಬರಬೇಕು. ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡಿ ಬದುಕಿದ ಕೈಗೆ ಇದು ದೊಡ್ಡ ವಿದ್ಯೆಯಲ್ಲ. ಅಲ್ಯೂಮಿನಿಯಂ ಕೊಳವೆಗಳನ್ನು ಅನಿಲ್‌ಕುಮಾರನೇ ತಂದು ಹಜಾರದಲ್ಲಿ ಒರಗಿಸಿದ.

ಬಟ್ಟೆಯ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಮಗ್ಗದ ಕೊಠಡಿಯಲ್ಲಿ ಎರಡು ಮಗ್ಗಗಳಿವೆ. ಎರಡನೆಯದರ ಮೇಲೆ ನಮ್ಮ ಮನೆಯವಳು ಹೂಡಿದ ಹಾಸು, ಅಂದರೆ ಉದ್ದಕ್ಕೆ ಕಟ್ಟಿದ ನೂಲು, ಹಾಗೆಯೇ ನಿಂತಿತ್ತು. ಗಟ್ಟಿ ಪಾಲಿಯೆಸ್ಟರ್ ನೂಲು, ಅರಿಶಿನದ ಬಣ್ಣ, ಎರಡೂ ಕಡೆ ಅಂಗೈಯಗಲದ ಕೆಂಪು ಅಂಚು. ಸಾವಿರಾರು ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿ ಮುಗಿಸಿ, "ನಾಳೆಯಿಂದ ಓಡಿಸ್ಬೌದು" ಎಂದು ಕೈ ತೊಳೆದವಳು ಮಾರನೆಯ ದಿನ ಏಳಲಿಲ್ಲ. ಆಮೇಲೆ ಆ ಮಗ್ಗವನ್ನು ನಾನು ಮುಟ್ಟಿರಲಿಲ್ಲ. ಸೀರೆ ಎಲ್ಲಿ ಹರಿದರೂ ಅಂಚಿನಲ್ಲಿ ಹರಿಯುವುದಿಲ್ಲ. ರೆಕ್ಕೆಯ ಎರಡೂ ತುದಿಗೆ ಅಂಚು ಬಂದರೆ ಗಾಳಿ ಕಿತ್ತುಹಾಕದು ಎಂದು ಲೆಕ್ಕ ಹಾಕಿ, ಅಮ್ಮನವರಿಗೆ ಕೈಮುಗಿದು, ಆ ಮಗ್ಗವನ್ನೇ ಓಡಿಸಿದೆ. ಗಾಳಿ ನುಸುಳದಂತೆ ಒತ್ತಿ ನೇಯ್ದೆ. ಅನಿಲ್‌ಕುಮಾರ್ ಅದರ ಮೇಲೆ ಏನೋ ಲೇಪ ಹಚ್ಚಿಸಿಕೊಂಡು ಬಂದ.

ಲೆಕ್ಕ ಸರಿಯಾಗಿತ್ತು. ಮರೆತದ್ದು ಬೀದಿಯನ್ನು. ಹದಿನಾಲ್ಕು ತಿಂಗಳು ಸುಮ್ಮನಿದ್ದ ಮಗ್ಗ ಸದ್ದು ಮಾಡಿದರೆ ನಮ್ಮ ಜನಕ್ಕೆ ಅದು ಯಾವ ಮಗ್ಗವೆಂದು ಗೋಡೆಯಾಚೆಯಿಂದಲೇ ತಿಳಿಯುತ್ತದೆ. ಸೀರೆ ಅಂಗಡಿಯವರು ಕೇಳಿದಾಗ ನಾನು "ಇದು ಕೊಡೋಕಲ್ಲ, ಮನೆಗೆ" ಎಂದೆ. ನೇಕಾರನ ಮನೆಯಲ್ಲಿ ಅರಿಶಿನ ಕೆಂಪಿನ ಬಟ್ಟೆಯನ್ನು ಮಾರದೆ ಮನೆಗೆಂದು ನೇಯುವುದು ಒಂದೇ ಕಾರಣಕ್ಕೆ. ಧಾರೆ ಸೀರೆಗೆ.

ನನಗೆ ಇದು ಹೊಳೆಯಲೇ ಇಲ್ಲ. ನನ್ನ ಚಿಂತೆ ಬೇರೆಯಾಗಿತ್ತು. ಮಾರ್ಗಶಿರ ಮುಗಿಯುವ ಹೊತ್ತಿಗೆ ರೆಕ್ಕೆಯೂ ಮುಗಿಯಿತು. ಮಡಚಿದರೆ ಐದಡಿ, ತೂಕ ಹದಿನೆಂಟು ಕಿಲೋ. ಅನಿಲ್‌ಕುಮಾರ್ ಮೂಟೆಯನ್ನು ಒಬ್ಬನೇ ಹೆಗಲಿಗೇರಿಸಿ ಹಜಾರದ ತುಂಬ ಓಡಾಡಿದ.

"ಸಂಜೀವಪ್ಪನೋರೆ, ಮುಗೀತಲ್ಲ! ತಗೊಂಡ್ ಹೋಗ್ಲಾ?"

ತೆಗೆದುಕೊಂಡು ಹೋದರೆ ಮತ್ತೆ ಭಾನುವಾರ ಯಾರೂ ಬರುವುದಿಲ್ಲ. "ಇಲ್ಲಪ್ಪ, ಇನ್ನೂ ಎರಡಂಗುಲ ಜಾಸ್ತಿ ಐತೆ" ಎಂದುಬಿಟ್ಟೆ.

ಅದು ಸುಳ್ಳು. ಪ್ರಾಯಶ್ಚಿತ್ತವೆಂದು ಆ ಸಂಜೆ ದೇವರ ದೀಪಕ್ಕೆ ಒಂದು ಬತ್ತಿ ಹೆಚ್ಚಿಗೆ ಹಾಕಿದೆ. ಮುಂದಿನ ಭಾನುವಾರ ಒಂದು ಪಿನ್ನು ಸಡಿಲವೆಂದೆ, ಎರಡನೆಯ ಬತ್ತಿ. ಅದರಾಚೆಯ ಭಾನುವಾರ ತಂತಿ ಬಿಗಿಯೆಂದೆ, ಮೂರನೆಯ ಬತ್ತಿ. ಪಾಪ ಆ ಹುಡುಗ ನನ್ನ ಪ್ರತಿ ಮಾತನ್ನೂ ಡೈರಿಯಲ್ಲಿ ಬರೆದುಕೊಂಡು "ನಿಮ್ಮಷ್ಟು ಶ್ರದ್ಧೆ ನಮ್ಮ ಆಫೀಸಲ್ಲಿ ಯಾರಿಗೂ ಇಲ್ಲ" ಎನ್ನುತ್ತಿದ್ದ. ಆ ಮಾತಿಗೆ ಅರ್ಧ ಬತ್ತಿ.

ದೀಪ ಏಳು ಬತ್ತಿ ಮುಟ್ಟಿದ ದಿನ ಅಪ್ಪಯ್ಯಣ್ಣ ಬಂದ. ನಮ್ಮ ಜನದಲ್ಲಿ ಹೆಣ್ಣು ಗಂಡು ಕೂಡಿಸುವುದು ಅವನ ಕಸುಬು. ಬಂದವನೇ ಚಾಪೆಯ ಮೇಲೆ ಕೂತು ಮುಖ ಊದಿಸಿಕೊಂಡ.

"ಸಂಜೀವಣ್ಣ, ನನ್ನನ್ನ ಬಿಟ್ಟು ಸಂಬಂಧ ನೋಡ್ಕೊಂಬಿಟ್ಯಲ್ಲ, ಇದು ನ್ಯಾಯಾನಾ?"

"ಯಾವ ಸಂಬಂಧ?"

"ಏ, ಬಿಡಣ್ಣ ನಾಟ್ಕಾನ. ಮಗ್ಗದ್ ಮೇಲೆ ಅರಿಶಿನದ್ ಸೀರೆ. ಹಜಾರದಾಗೆ ಚಪ್ಪರದ್ ಪೈಪು. ವಾರ ವಾರ ಹೆಣ್ಣಿನ ತಮ್ಮ ಕಾರಲ್ಲಿ ಬಂದು ಕೂತು ಬರ್ಕೊಂಡ್ ಹೋಯ್ತಾನೆ. ದೇವ್ರ ಮುಂದೆ ಏಳು ಬತ್ತಿ ಹರಕೆ. ಇನ್ನೇನ್ ಬಾಕಿ, ವಾಲಗದೋರ್ಗೆ ಹೇಳೋದು ತಾನೆ?"

ಅಲ್ಲವೆಂದರೆ ಮತ್ತೇನೆಂದು ಕೇಳುತ್ತಾನೆ. ಅಮ್ಮನವರ ಆಣೆ ಇದೆ. "ಹಂಗೇನಿಲ್ಲ ಅಪ್ಪಯ್ಯಣ್ಣ" ಎಂದಷ್ಟೇ ಹೇಳಿ ಕಾಫಿ ಕೊಟ್ಟೆ. ಹಂಗೇನಿಲ್ಲ ಎಂದು ಮದುವೆ ಗಂಡುಗಳೆಲ್ಲ ಹೇಳುವುದನ್ನು ಮೂವತ್ತು ವರ್ಷದಿಂದ ಕೇಳಿದ್ದವನು ಅವನು. ಒಂದೂವರೆ ಗಂಟೆ ಕೂತು, ಅರವತ್ತರ ಮೇಲೆ ಮದುವೆಯಾಗಿ ಸುಖವಾಗಿರುವ ಹನ್ನೊಂದು ಜನರ ಕಥೆ ಹೇಳಿದ. ಹೊಸಿಲು ದಾಟುವಾಗ "ನಾಳೆ ಬರ್ತೀನಿ" ಎಂದ. ನಾಳೆ ಬರುತ್ತೇನೆ ಎಂಬ ಮಾತನ್ನು ಆ ಹೊಸಿಲಲ್ಲಿ ಯಾರಾದರೂ ಆಡಿ ಬಹಳ ದಿನವಾಗಿತ್ತು. ನಾನು "ಬಾ, ಬಾ" ಎಂದೆ.

ಮಾರನೆಯ ದಿನ ಅವನೊಂದಿಗೆ ಮೂವರು ಬಂದರು. ಅದರ ಮಾರನೆಯ ದಿನ ಬೈರೇಶ್ ಬಂದು, ನನ್ನ ಕಾಫಿ ಕುಡಿದು ಎದ್ದವನು ಹೋಗಿ ತನ್ನ ಅಂಗಡಿಯಿಂದ ಟೀ ಕಳಿಸಿದ. ವರ್ಷವಿಡೀ ನನ್ನ ಮುಖ ಕಂಡರೆ ಏನು ಮಾತಾಡುವುದೆಂದು ತಿಳಿಯದೆ ಪಕ್ಕದ ಗಲ್ಲಿಗೆ ತಿರುಗಿಕೊಳ್ಳುತ್ತಿದ್ದವರು ಈಗ ಎದುರಿಗೇ ಬಂದು ಭುಜ ತಟ್ಟಿದರು. ಸತ್ತವರ ವಿಷಯ ಮಾತಾಡಲು ಜನಕ್ಕೆ ಸಂಕೋಚ. ಮದುವೆ ವಿಷಯ ಮಾತಾಡಲು ಯಾರಿಗೂ ಸಂಕೋಚವಿಲ್ಲ.

ನಗರಸಭೆಯ ಕಡೆಯಿಂದ ಮಂಜೇಶ್ ಎಂಬವನು ಫೈಲು ಹಿಡಿದು ಬಂದ.

"ಸಾರ್, ಚಪ್ಪರ ಮನೆ ಮುಂದೇನಾ, ರಸ್ತೆಗೂ ಬರುತ್ತಾ?"

"ಅದು ಚಪ್ಪರ ಅಲ್ಲಪ್ಪ."

"ಮತ್ತೆ ಪೈಪು ಯಾತಕ್ಕೆ?"

"ಹೇಳೋ ಹಂಗಿಲ್ಲ."

ಮಂಜೇಶ್ ಫೈಲಿನ ಹಾಳೆ ತಿರುವಿ ತಿರುವಿ ನೋಡಿದ. "ಹೇಳೋ ಹಂಗಿಲ್ಲದ ಪೈಪಿಗೆ ಇದ್ರಲ್ಲಿ ಕಾಲಂ ಇಲ್ಲ ಸಾರ್. ಚಪ್ಪರ ಅಂತಾನೇ ಬರ್ಕೊಳ್ತೀನಿ. ಊಟ ಎಷ್ಟು ಜನಕ್ಕೆ?"

ಹೀಗೆ ನನ್ನ ಮದುವೆ ಸರ್ಕಾರಿ ದಾಖಲೆಗೂ ಸೇರಿತು.

ಕೊನೆಗೆ ನಾಗಲಕ್ಷ್ಮಮ್ಮ ಬಂದಳು. ನಮ್ಮ ಮನೆಯವಳ ಅಕ್ಕ. ಮನೆ ಎರಡೇ ಬೀದಿ ಆಚೆ. ವರ್ಷದ ತಿಥಿ ಮುಗಿದ ದಿನ "ತಂಗಿ ಇಲ್ಲದ ಮನೆಗೆ ಇನ್ನು ಕಾಲಿಡೋಕೆ ನನ್ನ ಕೈಲಾಗಲ್ಲ" ಎಂದು ಹೋದವಳು ಮತ್ತೆ ಬಂದಿರಲಿಲ್ಲ. ಈಗ ಬಂದದ್ದು ಭಾನುವಾರ, ಅನಿಲ್‌ಕುಮಾರ್ ಇದ್ದ ಹೊತ್ತಿಗೆ ಸರಿಯಾಗಿ. ನನ್ನನ್ನು ನೋಡದೆ ನೇರವಾಗಿ ಅವನ ಎದುರಿಗೆ ಕೂತಳು.

"ಏನಪ್ಪಾ, ನಿಮ್ಮಕ್ಕ ಅನ್ನೋಳು ಒಬ್ಳು ಇದ್ದಾಳಾ?"

"ಇದ್ದಾಳಮ್ಮ" ಎಂದ ಅನಿಲ್‌ಕುಮಾರ್. ನಿಜವಾಗಿ ಇದ್ದಳು.

"ವಯಸ್ಸೆಷ್ಟು?"

"ಮೂವತ್ತೆಂಟು."

"ಮೂವತ್ತೆಂಟು!" ನಾಗಲಕ್ಷ್ಮಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಈ ಯಪ್ಪನಿಗೆ ಅರವತ್ತಮೂರು ಅಂತ ಅವಳಿಗೆ ಗೊತ್ತಾ?"

"ಅಕ್ಕ ಇವರನ್ನ ನೋಡೇ ಇಲ್ವಲ್ಲಮ್ಮ."

"ನೋಡ್ದೇನೇ ಒಪ್ಕೊಂಡ್ಲಾ! ಅವಳಿಗೇನು ಬಂದಿತ್ತಪ್ಪ ಅಂಥ ಗತಿ?"

ಅನಿಲ್‌ಕುಮಾರ್ ನನ್ನ ಕಡೆ ನೋಡಿದ. ನಾನು ಕೊಳವೆಗಳ ಕಡೆ ನೋಡಿದೆ. ನಾಗಲಕ್ಷ್ಮಮ್ಮ ಎದ್ದು ಮಗ್ಗದ ಕೊಠಡಿಗೆ ಹೋದಳು. ತಂಗಿಯ ಮಗ್ಗದಲ್ಲಿ ಹಾಸು ಮುಗಿದಿತ್ತು. ಹೊರಗೆ ಬಂದಾಗ ದನಿ ಇಳಿದಿತ್ತು.

"ನೀನು ಮದುವೆ ಆಗೋದಾದ್ರೆ ಆಗಯ್ಯ, ಗಂಡಸು, ಒಬ್ಬನೇ ಇದ್ದೀಯ, ನಾನು ಬೇಡ ಅನ್ನಲ್ಲ. ಊರಲ್ಲಿ ಬೇರೆ ನೂಲಿರಲಿಲ್ವಾ? ಅವಳು ಕೈಯಾರೆ ಹೂಡಿದ ಹಾಸಿನ ಮೇಲೇ ಇನ್ನೊಬ್ಬಳಿಗೆ ಧಾರೆ ಸೀರೆ ನೇಯ್ಬೇಕಿತ್ತಾ?"

ಆಗ ನನಗೆ ಕಾಫಿ, ಭುಜ ತಟ್ಟುವಿಕೆ, ಹನ್ನೊಂದು ಜನರ ಸುಖದ ಕಥೆ ಎಲ್ಲವೂ ಒಟ್ಟಿಗೆ ನೆನಪಾಗಿ ನಾಚಿಕೆಯಾಯಿತು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ದೇವರ ಮನೆಯ ಬಾಗಿಲು ತೆರೆದಿತ್ತು, ಅಮ್ಮನವರು ನೋಡುತ್ತಿದ್ದರು. ಬಾಯಿ ಮುಚ್ಚಿದೆ.

"ಅಕ್ಕ, ಬರೋ ಭಾನುವಾರ ಬೆಳಿಗ್ಗೆ ಘಾಟಿ ದಾರಿಯ ಬೋಳುಗುಡ್ಡದ ಹತ್ರ ಬಾ. ನಿನಗೆ ಎಲ್ಲಾ ಗೊತ್ತಾಗುತ್ತೆ."

"ಗುಡ್ಡದ್ ಮೇಲೆ ಕದ್ದು ಮದುವೆ ಬೇರೆ!" ಎಂದು ಅವಳು ಸೆರಗು ಕೊಡವಿ ಹೊರಟುಹೋದಳು.

ನಾನು ಅನಿಲ್‌ಕುಮಾರನಿಗೆ ಹೇಳಿದೆ. "ಅಪ್ಪಾ, ನಿನ್ನ ರೆಕ್ಕೆ ಆಯ್ತು. ಭಾನುವಾರ ಹಾರಿಸಿಬಿಡು."

"ಆ ತಂತಿ, ಪಿನ್ನು?"

"ಎಲ್ಲಾ ಸರಿಯಾಯ್ತು" ಎಂದೆ. ಆ ಸಂಜೆ ಮತ್ತೆ ಒಂದೇ ಬತ್ತಿಯ ದೀಪ ಹಚ್ಚಿದೆ.

ಭಾನುವಾರ ನಾವಿಬ್ಬರು ಬೇಕೆಂದೇ ಬಸ್ಸಿನಲ್ಲಿ ಹೋದೆವು. ಐದಡಿಯ ಚೀಲವನ್ನು ಡಿಕ್ಕಿಗೆ ಇಟ್ಟೆವು. ಬಾಗಿಲು ಸಲೀಸಾಗಿ ಮುಚ್ಚಿತು. ಕಂಡಕ್ಟರ್ ಏನಾದರೂ ಕೇಳಿಯಾನು, ಗತ್ತಿನಿಂದ ಹೇಳೋಣವೆಂದು ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ತಿರುಗಿಯೂ ನೋಡಲಿಲ್ಲ. ಯಾರ ಕಣ್ಣಿಗೂ ಬೀಳದಷ್ಟು ಚೆನ್ನಾಗಿ ಮಾಡಿಬಿಟ್ಟಿದ್ದೆ.

ಗುಡ್ಡದ ಮೇಲೆ ನಾವು ಉಸಿರು ಸುಧಾರಿಸಿಕೊಳ್ಳುವಷ್ಟರಲ್ಲಿ ಕೆಳಗೆ ಒಂದು ಟೆಂಪೊ ಬಂದು ನಿಂತಿತು. ಮೂವತ್ತು ಜನ ಇಳಿದರು. ಅಪ್ಪಯ್ಯಣ್ಣ ಹೊಸ ಪಂಚೆ ಉಟ್ಟಿದ್ದ. ಬೈರೇಶ್ ಟೀ ಫ್ಲಾಸ್ಕು ತಂದಿದ್ದ. ಮುಂದುಗಡೆಯ ಸೀಟಿನಿಂದ ನಾಗಲಕ್ಷ್ಮಮ್ಮ ಇಳಿದಳು. ತಂಗಿಯ ಕಟ್ಟು ಹಾಕಿದ ಫೋಟೋವನ್ನು ಎದೆಗೊತ್ತಿ ಹಿಡಿದಿದ್ದಳು. ಬರುವ ಹೆಣ್ಣಿಗೆ ತೋರಿಸಲೆಂದು.

ಅನಿಲ್‌ಕುಮಾರ್ ಚೀಲ ಬಿಚ್ಚಿದ. ಕೊಳವೆಗೆ ಕೊಳವೆ ಕೂಡಿತು. ಜನ ಸುತ್ತ ನಿಂತು ಸಲಹೆ ಕೊಟ್ಟರು.

"ಚಪ್ಪರ ಓರೆ ಆಯ್ತಲ್ಲಣ್ಣ" ಎಂದ ಬೈರೇಶ್.

"ಕಂಬಾನೇ ಇಲ್ವಲ್ಲಯ್ಯ ಇದಕ್ಕೆ" ಎಂದ ಅಪ್ಪಯ್ಯಣ್ಣ.

ಆಮೇಲೆ ಬಟ್ಟೆ ಬಿಗಿಯಾಯಿತು. ಮೂವತ್ತಡಿ ಅಗಲದ ಅರಿಶಿನದ ರೆಕ್ಕೆ, ಅದರ ಅಂಚಿನುದ್ದಕ್ಕೂ ಕೆಂಪು. ಗಾಳಿಗೆ ಒಮ್ಮೆ ಪಟಪಟ ಎಂದಿತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

"ಹೆಣ್ಣೆಲ್ಲಿ?" ಎಂದಳು ನಾಗಲಕ್ಷ್ಮಮ್ಮ.

ನಾನು ಅನಿಲ್‌ಕುಮಾರನ ಮುಖ ನೋಡಿದೆ. ಅವನು ಹೇಳಿ ಎಂದು ತಲೆಯಾಡಿಸಿದ. ಮೂರು ತಿಂಗಳ ಗುಟ್ಟನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದೆ.

"ಹಂಗಾದ್ರೆ ಆ ಮೂವತ್ತೆಂಟು ವರ್ಷದ ಅಕ್ಕ?" ಎಂದು ಅಪ್ಪಯ್ಯಣ್ಣ ಆಸೆ ಬಿಡದೆ ಕೇಳಿದ.

"ಅವಳಿಗೆ ಇಬ್ಬರು ಮಕ್ಕಳಿದಾರೆ ಸಾರ್" ಎಂದ ಅನಿಲ್‌ಕುಮಾರ್.

ನಾಗಲಕ್ಷ್ಮಮ್ಮ ರೆಕ್ಕೆಯ ಹತ್ತಿರ ಹೋಗಿ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದಳು. ಅವಳೂ ಮಗ್ಗದ ಮನೆಯಲ್ಲಿ ಹುಟ್ಟಿದವಳು. "ಒತ್ತಿ ನೇಯ್ದಿದ್ದೀಯ" ಎಂದಳು.

ಅನಿಲ್‌ಕುಮಾರ್ ರೆಕ್ಕೆಯ ಕೆಳಗೆ ಪಟ್ಟಿ ಬಿಗಿದುಕೊಂಡು ನಿಂತ. ಗಾಳಿ ಎದುರಿಗೆ ಬಂದ ಕೂಡಲೆ ಇಳಿಜಾರಿನಲ್ಲಿ ಓಡಿದ. ಎಂಟು ಹೆಜ್ಜೆ ಓಡಿರಬಹುದು. ಒಂಬತ್ತನೆಯದಕ್ಕೆ ಕಾಲ ಕೆಳಗೆ ನೆಲವಿರಲಿಲ್ಲ. ಹೆಂಗಸರು ಕೂಗಿಕೊಂಡರು. ರೆಕ್ಕೆ ಒಮ್ಮೆ ತಗ್ಗಿ, ಆಮೇಲೆ ಯಾರೋ ಕೆಳಗಿನಿಂದ ಅಂಗೈಯಲ್ಲಿ ಎತ್ತಿದಂತೆ ಮೇಲೆದ್ದು, ಕೊಯ್ದ ರಾಗಿ ಹೊಲಗಳ ಮೇಲೆ ಸಾಗಿತು. ಬೈರೇಶನ ಕೈಯಲ್ಲಿದ್ದ ಟೀ ಚೆಲ್ಲಿತು. ನಾನು ಪಕ್ಕಕ್ಕೆ ತಿರುಗಿದೆ. ನಾಗಲಕ್ಷ್ಮಮ್ಮ ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿ ತಲೆಯ ಮೇಲೆ ಹಿಡಿದಿದ್ದಳು, ಗಾಜು ರೆಕ್ಕೆಯ ಕಡೆಗೆ ಇರುವಂತೆ. ರೆಕ್ಕೆ ಹಳದಿ ಚುಕ್ಕೆಯಾಗಿ ಮರಗಳಾಚೆ ಇಳಿಯುವವರೆಗೂ ಕೆಳಗಿಳಿಸಲಿಲ್ಲ.

ಮುಕ್ಕಾಲು ಗಂಟೆಯಾದ ಮೇಲೆ ನನ್ನ ಮೊಬೈಲು ಹೊಡೆದುಕೊಂಡಿತು.

"ಸಂಜೀವಪ್ಪನೋರೆ! ಹೊಲದಲ್ಲಿ ನಿಧಾನವಾಗಿ ಇಳಿದೆ. ಒಬ್ಬನೇ ಬಿಚ್ಚಿದೆ, ಒಬ್ಬನೇ ಮಡಚಿದೆ, ಒಬ್ಬನೇ ಹೊತ್ಕೊಂಡು ರೋಡಿಗೆ ಬಂದೆ. ಬೆಂಗಳೂರಿನ ಬಸ್ಸಲ್ಲಿ ಕೂತಿದ್ದೀನಿ. ಯಾರ ಸಹಾಯವೂ ಬೇಕಾಗ್ಲಿಲ್ಲ!"

"ಒಳ್ಳೇದಾಯ್ತಪ್ಪ."

"ಇನ್ನೇನಾದ್ರೂ ಸರಿ ಮಾಡೋದು ಇದೆಯಾ? ಇದ್ರೆ ಹೇಳಿ, ಭಾನುವಾರ ತಗೊಂಡ್ ಬರ್ತೀನಿ."

ಎಡಗಡೆಯ ಪಿನ್ನು ನಾಲಗೆಯ ತುದಿಗೆ ಬಂದಿತ್ತು. ಒಂದು ಪಿನ್ನು ಸಾಕಿತ್ತು. ನಾಗಲಕ್ಷ್ಮಮ್ಮ ಪಕ್ಕದಲ್ಲೇ ಬಂಡೆಯ ಮೇಲೆ ಕೂತು ಫೋಟೋದ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಇಲ್ಲಪ್ಪ" ಎಂದೆ. "ಏನೂ ಇಲ್ಲ. ಸರಿಯಾಗ್ ಐತೆ. ಸ್ಪರ್ಧೆಯಲ್ಲಿ ಗೆಲ್ಲು."

ಮದುವೆಯಿಲ್ಲ, ಆದ್ದರಿಂದ ಊಟವೂ ಇಲ್ಲವೆಂದು ಖಚಿತವಾದ ಮೇಲೆ ಗುಡ್ಡ ಖಾಲಿಯಾಗಲು ಹತ್ತು ನಿಮಿಷ ಹಿಡಿಯಲಿಲ್ಲ. ಅಪ್ಪಯ್ಯಣ್ಣ ಬೈದುಕೊಂಡೇ ಇಳಿದ. ಆ ವಾರ ಯಾರೂ ಬರಲಿಲ್ಲ. ಎರಡು ದಿನ ಬೈರೇಶನ ಅಂಗಡಿಯಲ್ಲಿ ರೆಕ್ಕೆಯ ಮಾತು ನಡೆಯಿತು. ಮೂರನೆಯ ದಿನದಿಂದ ಬೇರೆ ಮಾತು ಬಂತು. ಜನ ಮೊದಲಿನ ಹಾಗೆ ನನ್ನನ್ನು ಕಂಡು ಪಕ್ಕದ ಗಲ್ಲಿಗೆ ತಿರುಗತೊಡಗಿದರು. ಎರಡನೆಯ ಮಗ್ಗಕ್ಕೆ ನಾನೇ ಹೊಸ ಹಾಸು ಹೂಡಿದೆ, ಅಂಗಡಿಯವರು ಕೇಳಿದ ಎಲೆಹಸಿರು ಬಣ್ಣ.

ಭಾನುವಾರ ಹನ್ನೊಂದು ಗಂಟೆಗೆ ಬಾಗಿಲು ಸದ್ದಾಯಿತು. ನಾಗಲಕ್ಷ್ಮಮ್ಮ.

"ಆ ಕಾರಿನೋನು ಬಂದಿದ್ನಾ?"

"ಇಲ್ಲ ಅಕ್ಕ."

"ಬಂದಿದ್ರೂ ನೀನು ಹೇಳ್ತೀಯಾ? ಮೂರು ತಿಂಗಳು ಬಾಯಿ ಬಿಡ್ಲಿಲ್ಲ ನೀನು. ನಿನ್ನನ್ನ ನಂಬೋಕಾಗುತ್ತಾ?"

ಹಜಾರದಲ್ಲಿ ಕಣ್ಣಾಡಿಸಿದಳು. ಅಡುಗೆಮನೆಯಲ್ಲಿ ಇಣುಕಿದಳು. ಹಿತ್ತಲ ಬಾಗಿಲು ತೆಗೆದು ನೋಡಿ ಮುಚ್ಚಿದಳು. ಮಗ್ಗದ ಕೊಠಡಿಗೆ ಹೋದವಳು ಅಲ್ಲಿಂದಲೇ ಕೂಗಿದಳು. "ಇದ್ಯಾರಿಗಯ್ಯಾ, ಎಲೆಹಸಿರು?"

ಅಂಗಡಿಗೆ ಎಂಬ ಒಂದು ಮಾತು ಸಾಕಿತ್ತು. ನಾನು ಸುಮ್ಮನೆ ಒಲೆ ಹಚ್ಚಿ ನೀರಿಟ್ಟೆ.

ಅವಳು ಬಂದು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. "ಹೇಳಲ್ಲ ತಾನೆ? ಹೇಳ್ಬೇಡ. ಬರೋ ಭಾನುವಾರ ಬರ್ತೀನಿ. ಅದರಾಚೆ ಭಾನುವಾರಾನೂ ಬರ್ತೀನಿ. ನನ್ನ ಕಣ್ಣು ತಪ್ಪಿಸಿ ನೀನು ಏನ್ ಮಾಡ್ತೀಯೋ ನಾನೂ ನೋಡ್ತೀನಿ."

ನಾನು ಸಿಕ್ಕಿಬಿದ್ದ ಕಳ್ಳನಂತೆ ತಲೆ ತಗ್ಗಿಸಿ, ಸಕ್ಕರೆ ಎಷ್ಟು ಚಮಚ ಹಾಕಲಿ ಎಂದು ಕೇಳಿದೆ.